ಪಾನಾ ಹಚ್ಚದ ಗಾಡಿ

ವಾರಂಟಿ ಅನ್ನುವ ಶಬ್ದವನ್ನು ನಿಗಡೆ ಸಂಕಲ್ಪ ಮಾಡುವವನ ಹಾಗೆ ಕಣ್ಣು ಮುಚ್ಚಿ ಹೇಳುತ್ತಿದ್ದ. ಹೇಳಿ ಮುಗಿಸಿದ ಮೇಲೆ ಕಣ್ಣು ತೆರೆದು, ಅದು ನಮಗೆ ಯಾಕೆ ಸಿಗುವುದಿಲ್ಲ ಅನ್ನುವುದನ್ನು ವಿವರಿಸುತ್ತಿದ್ದ. ಬೆಳಗಿನಿಂದ ಇದೇ ನಡೆದಿತ್ತು. ನನ್ನ ತಲೆ ಕಾದ ಹೆಂಚಾಗಿತ್ತು.

ಪುಣೆಯ ಶಂಕರಶೇಟ್ ರಸ್ತೆಯಲ್ಲಿ ಮಂದಾರ ಕಂಪನಿಯ ಕಾರು ಮಾರುವ ಅಂಗಡಿ ಇವನದು. ಗಾಜಿನ ಕೋಣೆಯಲ್ಲಿ ಪಂಖಾ ಅವನ ಕಡೆಗಷ್ಟೇ ಮುಖ ಮಾಡಿ ತಿರುಗುತ್ತಿತ್ತು. ಈಚೆ ಕುರ್ಚಿಯಲ್ಲಿ ನಾನು, ಬಿಂದುಮಾಧವ. ಒಂದು ಕಾಲಕ್ಕೆ ವಿಮಾ ಕಂಪನಿಗೆ ಜಜ್ಜಿದ ಮೋಟಾರು ನೋಡಿ ವರದಿ ಕೊಡುತ್ತಿದ್ದವನು, ಈಗ ಸದಾಶಿವ ಪೇಠೆಯಲ್ಲಿ ಪತ್ತೇದಾರನೆಂದು ಬೋರ್ಡು ಹಾಕಿಕೊಂಡು ನೊಣ ಹೊಡೆಯುವವನು. ನನ್ನ ಪಕ್ಕದಲ್ಲಿ ಮಧುಕರ. ಕಾಲೇಜಿನಲ್ಲಿ ಗಣಿತ ಕಲಿಸುತ್ತಾನೆ, ಹೆಂಡತಿ ಸತ್ತ ಮೇಲೆ ಗಡ್ಡ ಬಿಟ್ಟಿದ್ದಾನೆ.

ಹೋದ ತಿಂಗಳು ಖಂಬಾಟಕಿ ಘಾಟಿನ ಏರಿನಲ್ಲಿ ಅವನ ಹೊಸ ಕಾರಿನ ಇಂಜಿನ್ ಹಿಡಿದು ನಿಂತಿತು, ಹಿಂದಿನಿಂದ ಲಾರಿ ಬಂದು ಹಾಯಿತು, ಒಳಗಿದ್ದ ಹೆಂಡತಿ ಕುಸುಮ ಹೋದಳು, ಡ್ರೈವರ್ ಹಣಮಂತ್ರಾಯ ಯೆರವಡಾ ಜೈಲು ಸೇರಿದ. ನಾಳೆ ಕೋರ್ಟಿನಲ್ಲಿ ಅವನ ಪಾಳಿ.

ನಿಗಡೆಯ ವಾದ ಸರಳ. ಗಾಡಿ ಕೊಟ್ಟಾಗಲೇ ಹೇಳಿದ್ದೆವು, ಮೊದಲ ಫ್ರೀ ಸರ್ವಿಸಿಗೆ ತರಬೇಕು, ಆಯಿಲ್ ಬದಲಿಸಬೇಕು ಅಂತ. ನೀವು ತರಲಿಲ್ಲ. ಕಾರ್ಡು ಹಾಕಿದೆವು, ಆಗಲೂ ತರಲಿಲ್ಲ. ಸರ್ವಿಸ್ ತಪ್ಪಿತು, ವಾರಂಟಿ ಹೋಯಿತು. ಕೆಟ್ಟ ಆಯಿಲಿನ ಮೇಲೆ ಘಾಟು ಹತ್ತಿಸಿದ ಡ್ರೈವರನದು ತಪ್ಪು, ಕಂಪನಿಯದಲ್ಲ, ನಮ್ಮದಂತೂ ಅಲ್ಲವೇ ಅಲ್ಲ. ಇಷ್ಟನ್ನೂ ಅವನು ಚಂದದ ಮರಾಠಿಯಲ್ಲಿ ಹೇಳಿದ. ಪೊಲೀಸರಿಗೂ ಇದನ್ನೇ ಹೇಳಿದ್ದ. ಅವನ ಮಾತಿನ ಮೇಲೆಯೇ ಹಣಮಂತ್ರಾಯ ಒಳಗಿದ್ದ.

ಮಧುಕರ ತಲೆ ಎತ್ತಿದ.

"ರೊಕ್ಕದ ಮಾತು ಬಿಡ್ರಿ. ನನ್ನ ಗಾಡಿ ಯಾಕ ನಿಂತಿತು, ಅಷ್ಟ ಹೇಳ್ರಿ ಸಾಕು."

ಸಂಕಟದಲ್ಲಿ ಕನ್ನಡದಲ್ಲೇ ಅಂದುಬಿಟ್ಟಿದ್ದ. ನಿಗಡೆಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ಗೋಣು ಹಾಕಿದ. ನಾನೇ ಮರಾಠಿಯಲ್ಲಿ ಮತ್ತೊಮ್ಮೆ ಹೇಳಬೇಕಾಯಿತು.

ಸರ್ವಿಸಿಗೆ ಒಯ್ಯದೆ ಇದ್ದದ್ದೇನೋ ನಿಜ. ಅದು ಮಧುಕರನ ತಾಯಿ ರಂಗೂಬಾಯಿಯ ಕಟ್ಟಳೆ. ಮನೆದೇವರ ಮುಂದೆ ಜವಳ ತೆಗೆಸುವ ತನಕ ಕೂಸಿನ ತಲೆಗೆ ಕತ್ತರಿ ಹಚ್ಚುವುದಿಲ್ಲ ನೋಡಿ, ಹಾಗೆಯೇ ಹೊಸ ಗಾಡಿ ಮನೆದೇವರ ಮುಂದೆ ನಿಂತು ಕಾಯಿ ಒಡೆಸಿಕೊಳ್ಳುವ ತನಕ ಅದಕ್ಕೆ ಪಾನಾ, ಅಂದರೆ ಸ್ಪ್ಯಾನರು, ಹಚ್ಚಬಾರದು, ಒಂದು ನಟ್ಟು ಕೂಡ ಸಡಿಲಿಸಬಾರದು. ಇವರ ಮನೆದೇವರು ಹಲಸಿಯ ನರಸಿಂಹ, ಬೆಳಗಾವಿಯ ಆಚೆ. ಕಾಲೇಜಿಗೆ ರಜೆ ಬಿದ್ದ ಮೇಲೆ ಹೋಗೋಣ ಅಂದರು, ಹೊರಟರು, ಘಾಟಿನಲ್ಲೇ ಎಲ್ಲ ಮುಗಿಯಿತು. ನಾನು ಬೆಳೆದ ಧಾರವಾಡದ ಓಣಿಯಲ್ಲಿ ಸೈಕಲ್ಲಿಗೂ ಈ ಕಟ್ಟಳೆ ಹಿಡಿದ ಮನೆಯೊಂದಿತ್ತು. ನಗುವುದಾದರೆ ನಗಿ, ಆದರೆ ಆ ಮುದುಕಿಯ ಎದುರಿಗೆ ಮಾತ್ರ ನಗಬೇಡಿ.

ಈ ಒಂದು ಎಳೆಯನ್ನು ಹಿಡಿದು ನಿಗಡೆ ಬೆಳಗಿನಿಂದ ಜಗ್ಗುತ್ತಿದ್ದ. ಜಗ್ಗಲಿ ಅಂತ ನಾನೂ ಬಿಟ್ಟಿದ್ದೆ. ಅವನ ಬಾಯಿಂದ ನನಗೆ ಬೇಕಾದ ಮಾತು ಒಂದೇ ಇತ್ತು.

ಹಾಗಾದರೆ ನಿಮ್ಮ ಅಂಗಡಿಯಿಂದ ಹೊರಬಿದ್ದ ಮೇಲೆ ಗಾಡಿಗೆ ಯಾರೂ ಪಾನಾ ಹಚ್ಚಿಲ್ಲ, ಖಾತ್ರಿಯೇ ಅಂತ ಕೇಳಿದೆ. ನೂರಕ್ಕೆ ನೂರು ಖಾತ್ರಿ, ನಾಳೆ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ ಅಂದ. ಬಹಳ ಉಪಕಾರವಾಯಿತು, ಬನ್ನಿ ಗಾಡಿ ನೋಡೋಣ ಅಂತ ಎದ್ದೆ.

ಪಂಚನಾಮೆ ಮುಗಿದ ಮೇಲೆ ಕಾರನ್ನು ಎಳೆದು ತಂದು ಇವನ ವರ್ಕ್‌ಶಾಪಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಬಿಟ್ಟಿದ್ದರು. ಹಿಂಭಾಗ ಮಡಚಿ ಸೀಟಿನ ತನಕ ಬಂದಿತ್ತು. ಮುಂಭಾಗ ಹೆಚ್ಚುಕಡಿಮೆ ಹೊಸದರಂತೆಯೇ ಇತ್ತು, ಬಾನೆಟ್ಟಿನ ಮೇಲೆ ರಂಗೂಬಾಯಿ ಬರೆದ ಸ್ವಸ್ತಿಕ ಕೂಡ ಮಾಸಿರಲಿಲ್ಲ. ಮಧುಕರ ಶೆಡ್ಡಿನ ಒಳಗೆ ಬರಲಿಲ್ಲ. ಬಾಗಿಲ ಹತ್ತಿರ ಬೆನ್ನು ತಿರುಗಿಸಿ ನಿಂತ.

ನಾನು ಬಾನೆಟ್ ಎತ್ತಿದೆ. ಮಂದಾರದ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುವವರು ಒಂದೊಂದು ಬೋಲ್ಟು ಬಿಗಿದ ಮೇಲೆ ಅದರ ತಲೆಗೆ ಹಳದಿ ಬಣ್ಣದ ಬೊಟ್ಟು ಇಡುತ್ತಾರೆ. ಬಿಗಿ ಸರಿಯಾಗಿದೆ ಅನ್ನುವುದಕ್ಕೆ ಅದು ಗುರುತು. ಆಮೇಲೆ ಯಾರೇ ಪಾನಾ ಹಾಕಿ ತಿರುವಿದರೂ ಬೊಟ್ಟು ಉದುರುತ್ತದೆ. ಪಕ್ಕದ, ಕೆಳಗಿನ ಬೋಲ್ಟುಗಳ ಮೇಲೆಲ್ಲ ಹಳದಿ ಹಾಗೇ ಇತ್ತು. ಇಂಜಿನ್ನಿನ ಮೇಲಿನ ಮುಚ್ಚಳ ಹಿಡಿದಿಟ್ಟ ಬೋಲ್ಟುಗಳ ಮೇಲೆ ಒಂದರಲ್ಲೂ ಇರಲಿಲ್ಲ. ಅವುಗಳ ಮೂಲೆಗಳು ಸವೆದು ಹೊಳೆಯುತ್ತಿದ್ದವು. ಸಂದಿಯಲ್ಲಿ ಕೆಂಪು ಅಂಟು ಒಸರಿ ಒಣಗಿತ್ತು. ಕಾರ್ಖಾನೆಯವರು ಅಂಥ ಅಂಟು ಬಳಸುವುದಿಲ್ಲ, ಗ್ಯಾರೇಜಿನವರು ಬಳಸುತ್ತಾರೆ.

ನಿಗಡೆಯನ್ನು ಹತ್ತಿರ ಕರೆದು ಬೆರಳಿಟ್ಟು ತೋರಿಸಿದೆ. ಗಾಡಿ ಕೊಂಡವರು ಪಾನಾ ಹಚ್ಚಿಲ್ಲ ಅಂತ ನೀವೇ ಹೇಳಿದಿರಿ. ಕಾರ್ಖಾನೆಯಿಂದ ಬಂದ ಇಂಜಿನ್ ಹೀಗಿರುವುದಿಲ್ಲ. ಅಂದ ಮೇಲೆ ಇವರ ಕೈಗೆ ಬರುವ ಮೊದಲೇ ಇದರ ಹೊಟ್ಟೆ ಬಿಚ್ಚಿದವರು ಯಾರು ಸಾಹೇಬರೇ, ಅಂದೆ. ನನ್ನ ದನಿ ಏರಿತ್ತು, ವರ್ಕ್‌ಶಾಪಿನಲ್ಲಿ ಸುತ್ತಿಗೆಯ ಸಪ್ಪಳ ನಿಂತಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿಗಡೆ ತನ್ನ ಹೆಗಲು ಮುಟ್ಟಲಿಲ್ಲ, ಪಕ್ಕದವನ ಹೆಗಲು ತೋರಿಸಿದ. ಆ ಗಾಡಿ ಆರಿಸಿದವರು, ನಿಂತು ತೊಳೆಸಿದವರು, ಹಾರ ಹಾಕಿ ಕೊಟ್ಟವರು ನಮ್ಮ ವರ್ಕ್‌ಶಾಪ್ ಮ್ಯಾನೇಜರು, ಅವರನ್ನೇ ಕೇಳಿ, ನಿಮ್ಮವರೇ ಅಲ್ಲವೇ ಅಂದ. ಅಂದವನು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಗಾಜಿನ ಕೋಣೆಗೆ ನಡೆದುಬಿಟ್ಟ.

ವರ್ಕ್‌ಶಾಪ್ ಮ್ಯಾನೇಜರು ಅಂದರೆ ಪ್ರಲ್ಹಾದ. ಕುಸುಮಳ ಒಡಹುಟ್ಟಿದ ಅಣ್ಣ.

ಮಧುಕರ ಮರಾಠಿ ಬಲ್ಲವನು, ಎಲ್ಲ ಕೇಳಿಸಿಕೊಂಡಿದ್ದ. ಆದರೆ ನಂಬಲಿಲ್ಲ. ತಂಗಿಯ ಚಿತೆಯ ಮುಂದೆ ಪ್ರಲ್ಹಾದ ಬಿದ್ದು ಹೊರಳಿದ್ದನ್ನು ನೀವು ನೋಡಿಲ್ಲ, ಈ ನಿಗಡೆ ತನ್ನ ಹೊಲಸು ಒರೆಸಲು ಸಿಕ್ಕವರ ಧೋತರ ಹುಡುಕುತ್ತಾನೆ ಅಂದ. ಅವನನ್ನು ಕಾಡಿದ್ದು ಬೇರೆ ಮಾತು.

"ಹಂಗಾದ್ರ ಹಣಮಂತ್ರಾಯನ ತಪ್ಪು ಏನೂ ಇಲ್ಲೇನ್ರಿ?"

ಹಣಮಂತ್ರಾಯ ಯಾದಗಿರಿ ಕಡೆಯವನು, ಪುಣೆಯಲ್ಲಿ ಅವನಿಗೆ ಜಾಮೀನು ನಿಲ್ಲುವ, ಸ್ವಂತ ಮನೆ ಇದ್ದವರು ಯಾರೂ ಇಲ್ಲ. ನಾನು ಬಾಡಿಗೆ ಮನೆಯವನು, ನನ್ನ ಜಾಮೀನು ಕೋರ್ಟಿನಲ್ಲಿ ನಡೆಯುವುದಿಲ್ಲ. ಅವನ ಹೆಂಡತಿ ಚಂದಮ್ಮ, ಯೆರವಡಾದಲ್ಲಿ ಕಟ್ಟಡದ ಕೆಲಸಕ್ಕೆ ಕಲ್ಲು ಹೊರುವವಳು, ಮಧುಕರನ ಮನೆಬಾಗಿಲಿಗೆ ಬಂದು ಸೆರಗೊಡ್ಡಿ ಕೇಳಿದ್ದಳು. ಇವನು, ನನ್ನ ಹೆಂಡತಿಯನ್ನು ಕೊಂದವನಿಗೆ ಜಾಮೀನೇ ಅಂತ ಕದ ಹಾಕಿದ್ದ. ಆ ಕದ ಈಗ ಅವನ ಎದೆಗೆ ಬಡಿಯುತ್ತಿತ್ತು. ಮನೆಯಲ್ಲಿ ತಾಯಿ ಒಬ್ಬರೇ ಇದ್ದಾರೆ ಹೋಗು ಅಂತ ಅವನನ್ನು ರಿಕ್ಷಾ ಹತ್ತಿಸಿ ಕಳಿಸಿದೆ.

ಪ್ರಲ್ಹಾದ ಬಿಡಿಭಾಗಗಳ ಕೋಣೆಯಲ್ಲಿ ದೊಡ್ಡದೊಂದು ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ಜಾಗ ಮಾಡಿಕೊಟ್ಟ. ಬೈಯುವ ಉಮೇದಿನಲ್ಲೇ ಹೋಗಿದ್ದೆ ನಾನು, ನಾಲಿಗೆಯ ತುದಿಯಲ್ಲಿ ಒಳ್ಳೊಳ್ಳೆಯವು ಕೂಡಿದ್ದವು. ಅವನ ಮುಖ ನೋಡಿದ ಮೇಲೆ ಯಾವುದೂ ಹೊರಗೆ ಬರಲಿಲ್ಲ. ಪೆಟ್ಟಿಗೆಯಲ್ಲಿ ಏನು ಅಂತಷ್ಟೇ ಕೇಳಿದೆ.

"ಹೊಸಾ ಇಂಜಿನ್ನ ರೀ ಕಾಕಾ. ಕುಸುಮಾನ ಗಾಡೀದು."

ಆಮೇಲೆ ನಾನು ಏನೂ ಕೇಳಬೇಕಾಗಲಿಲ್ಲ. ಸಾತಾರೆಯ ಡಾಕ್ಟರರೊಬ್ಬರು ಮುಂಚೆ ಕೊಂಡಿದ್ದ ಇದೇ ಕಾರು ಮೊದಲ ದೂರದ ಪ್ರಯಾಣದಲ್ಲೇ ಕಾದು, ಹಿಡಿದು, ವಾಪಸು ಬಂದಿತ್ತು. ಅವರಿಗೆ ಬೇರೆ ಕಾರು ಕೊಟ್ಟು ಇದನ್ನು ಬಿಚ್ಚಿ, ರಿಪೇರಿ ಮಾಡಿ, ಮೂಲೆಯಲ್ಲಿ ನಿಲ್ಲಿಸಿದ್ದರು. ಊರೊಳಗೆ ನೆಟ್ಟಗೆ ಓಡುತ್ತಿತ್ತು, ಏರು ಹತ್ತಿದರೆ ಕಾಯುತ್ತಿತ್ತು. ಕಂಪನಿಯಿಂದ ಹೊಸ ಇಂಜಿನ್ ಬರುವ ತನಕ ಇದನ್ನು ಮಾರಬಾರದು ಅಂತ ಹೇಳಿದವನೇ ಪ್ರಲ್ಹಾದ. ಅಷ್ಟರಲ್ಲಿ ಪಾಡವಾ ಬಂತು. ಪಾಡವಾ ಅಂದರೆ ನಮ್ಮ ಯುಗಾದಿ. ಪುಣೆಯಲ್ಲಿ ಆ ದಿನ ಮನೆಗೆ ಬಂದರೆ ಗಾಡಿ, ಮರುದಿನ ಬಂದರೆ ಬರೀ ತಗಡು. ಮುಂಬಯಿಯಿಂದ ಬಂದ ಲಾರಿಯಲ್ಲಿ ಒಂದು ಕಾರು ಕಡಿಮೆ ಬಿತ್ತು. ಹಣ ಕಟ್ಟಿದವರೆಲ್ಲ ಅಂಗಳಕ್ಕೆ ರಂಗೋಲಿ ಹಾಕಿ ಕಾಯುತ್ತಿದ್ದರು. ಮೂಲೆಯದನ್ನು ಯಾರಿಗಾದರೂ ಕೊಟ್ಟುಬಿಡು, ಮೊದಲ ಸರ್ವಿಸಿಗೆ ಬಂದಾಗ ಸದ್ದಿಲ್ಲದೆ ಇಂಜಿನ್ ಬದಲಿಸಿದರಾಯಿತು ಅಂದ ನಿಗಡೆ.

"ಮಂದಿಗೆ ಕೊಟ್ರ ಮೋಸ ಆಗ್ತದ ಅನಿಸ್ತು ಕಾಕಾ. ತಂಗೀಗೆ ಕೊಟ್ರ ನಾನ ಮುಂದ ನಿಂತು ಬದಲಿ ಮಾಡಬಹುದು, ಗಾಡಿ ನನ್ನ ಕಣ್ಣಮುಂದ ಇರ್ತದ ಅಂದ್ಕೊಂಡೆ."

ಇವನು ಅಪ್ಪಟ ಮೋಸಗಾರನಾಗಿದ್ದರೆ ಆ ಗಾಡಿ ಯಾರೋ ಗುರುತಿಲ್ಲದವರ ಮನೆಗೆ ಹೋಗುತ್ತಿತ್ತು, ಕುಸುಮ ಇವತ್ತು ಬದುಕಿರುತ್ತಿದ್ದಳು. ಒಳ್ಳೆಯತನಕ್ಕೆ ಇಂಥ ಕೂಲಿ ಕೊಡುವ ದೇವರ ಮೇಲೆ ನನಗೆ ಸಿಟ್ಟು ಬಂತು. ಯಾವ ದೇವರು ಅಂತ ಕೇಳಬೇಡಿ, ಆ ಹೊತ್ತಿನಲ್ಲಿ ಎಲ್ಲರ ಮೇಲೂ ಬಂದಿತ್ತು.

ಗಾಡಿ ಸರ್ವಿಸಿಗೇ ಬರುವುದಿಲ್ಲ ಅನ್ನುವುದು ಅವನ ಕನಸಿನಲ್ಲೂ ಇರಲಿಲ್ಲ. ತಮ್ಮ ಮನೆಯಲ್ಲಿ ಇಲ್ಲದ ಕಟ್ಟಳೆ ತಂಗಿಯ ಅತ್ತೆಮನೆಯಲ್ಲಿರಬಹುದು ಅಂತ ಅವನಿಗೆ ಹೊಳೆದಿರಲಿಲ್ಲ. ಕಾರ್ಡು ಹಾಕಿದ, ತಾನೇ ಹೋಗಿ ಕರೆದ. ಹಲಸಿಗೆ ಹೋಗಿ ಬರುವ ತನಕ ಪಾನಾದ ಮಾತೆತ್ತಬೇಡ ಅಂತ ರಂಗೂಬಾಯಿ ಗದರಿಸಿ ಕಳಿಸಿದರು. ಹೊಸ ಇಂಜಿನ್ ಬಂದು ಈ ಪೆಟ್ಟಿಗೆಯಲ್ಲಿ ಕೂತಿತ್ತು. ಅವರು ಗಾಡಿಯಲ್ಲೇ ಘಾಟು ದಾಟಿ ಹೋಗುತ್ತಾರೆ ಅಂತ ತಿಳಿದ ದಿನ ಅವನು ಕುಸುಮಳಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದ. ಮಧುಕರನಿಗೂ ಹೇಳುತ್ತೇನೆ ಅಂದ. ಒಂದು ದಿನ ತಡಿ ಅಂದಳು. ಮರುದಿನ ಅವಳೇ ಫೋನು ಮಾಡಿದಳು.

"ಅತ್ತಿ ಮನ್ಯಾಗ ನನ್ನ ತವರಿನ ಹೆಸರು ಕೆಡಸಬ್ಯಾಡ ಅಣ್ಣಾ ಅಂದ್ಲು. ಹಲಸಿಗೆ ಹೋಗಿ ಕಾಯಿ ಒಡಸ್ಕೊಂಡು ಬರ್ತೀನಿ, ಮರುದಿನಾನ ಗಾಡಿ ನಿನ್ನ ಕೈಯಾಗ ಕೊಡ್ತೀನಿ, ಯಾರಿಗೂ ಏನೂ ಗೊತ್ತಾಗೂದಿಲ್ಲ ಅಂದ್ಲು."

ಈ ತಿಂಗಳೆಲ್ಲ ರಂಗೂಬಾಯಿ ಮಾತಾಡಿಸಲು ಬಂದವರ ಮುಂದೆ ಒಂದೇ ದೂರು ಹೇಳುತ್ತಿದ್ದರು. ಹಟ ಹಿಡಿದು ಅತ್ತೆಯನ್ನೂ ಗಂಡನನ್ನೂ ರೈಲು ಹತ್ತಿಸಿದಳಂತೆ, ಹೊಸ ಗಾಡಿಯಲ್ಲಿ ತಾನೊಬ್ಬಳೇ ಮಹಾರಾಣಿ ಹಾಗೆ ಹೊರಟಳಂತೆ, ಆ ಸೊಕ್ಕಿಗೆ ದೇವರು ಹಾಗೆ ಮಾಡಿದ ಅಂತ. ನಾನೂ ಅದನ್ನು ಕೇಳಿ, ಇದ್ದರೂ ಇದ್ದೀತು ಅಂದುಕೊಂಡಿದ್ದೆ. ಸೊಕ್ಕಲ್ಲ ಅದು. ಗಾಡಿ ಎಂಥದು ಅಂತ ಗೊತ್ತಿದ್ದೇ ಅವಳು ಅವರಿಬ್ಬರನ್ನೂ ಅದರಿಂದ ದೂರ ಇಟ್ಟಿದ್ದಳು.

ಅವಳಾದರೂ ಯಾಕೆ ಕೂತಳು ಅಂತ ಕೇಳಿದೆ. ಪ್ರಲ್ಹಾದ ಗೋಡೆಯ ಕಡೆ ತಿರುಗಿದ.

"ಡ್ರೈವರ ಒಬ್ಬಾಂವ ನಿಧಾನ ಒಯ್ಯಲಿ, ನೀನೂ ರೈಲಿಗೆ ಹೋಗು ಅಂದಿದ್ದೆ. ಅವನ್ನೊಬ್ಬನ್ನ ಹೆಂಗ ಕಳಸ್ಲಿ, ಅವನಿಗೂ ಹೆಂಡತಿ ಇದ್ದಾಳ, ನಾ ಕೂತ್ರ ಅಲ್ಲಲ್ಲೆ ನಿಲ್ಲಿಸಿ ಇಂಜಿನ್ ಆರಿಸಿಕೋತ ಹೋಗ್ತಾನ ಅಂದ್ಲು ಕಾಕಾ."

ಹಣಮಂತ್ರಾಯನಿಗೆ ಅವಳು ಎಲ್ಲ ಹೇಳಿದ್ದಳು. ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಅಂತ ಮಾತು ತೆಗೆದುಕೊಂಡಿದ್ದಳು. ಜೈಲಿನಲ್ಲಿ ನಾನು ಎಷ್ಟು ಕೇಳಿದರೂ ಆ ಮನುಷ್ಯ ನೆಲ ನೋಡುತ್ತ ಕೂತದ್ದರ ಅರ್ಥ ಈಗ ಆಯಿತು. ನಾನು ಅವನನ್ನು ಕಲ್ಲು ಅಂತ ಬೈದು ಬಂದಿದ್ದೆ.

ಪ್ರಲ್ಹಾದ ಕಣ್ಣೊರೆಸಿಕೊಂಡು, ನಾಳೆ ಕೋರ್ಟಿಗೆ ಬಂದು ನ್ಯಾಯಾಧೀಶರ ಮುಂದೆ ಎಲ್ಲ ಹೇಳುತ್ತೇನೆ ಅಂದ. ನಿಗಡೆ ಕೆಲಸದಿಂದ ತೆಗೆಯಲಿ, ಪೊಲೀಸರು ಹಿಡಿಯಲಿ, ಹಣಮಂತ್ರಾಯ ಮನೆಗೆ ಹೋಗಲಿ ಅಂದ. ಅವನ ಕೈ ಹಿಡಿದುಕೊಂಡೆ. ಬೆಳಗಿನಿಂದ ಮೊದಲ ಸಲ ನನಗೆ ಉಸಿರು ಸರಾಗವಾಗಿ ಬಂತು. ನಾಳೆ ಸಂಜೆ ಚಂದಮ್ಮನಿಗೆ ಗಂಡನನ್ನು ಕರೆದುಕೊಂಡು ಹೋಗು ಅಂತ ಹೇಳಬಹುದು, ಅದೊಂದೇ ನನ್ನ ತಲೆಯಲ್ಲಿತ್ತು. ಅವನು ಕೇಳಿದ್ದು ಒಂದೇ. ತಾಯಿಗೆ ಏನೂ ಗೊತ್ತಿಲ್ಲ, ಮಂದಿಯ ಬಾಯಿಂದ ಕೇಳುವ ಮೊದಲು ತಾನೇ ಹೇಳಬೇಕು, ಒಬ್ಬನಿಗೆ ಧೈರ್ಯ ಸಾಲದು, ನೀವೂ ಬರ್ರಿ ಅಂದ.

ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಸ್ಕೂಟರಿನಲ್ಲಿ ನಾರಾಯಣ ಪೇಠೆಯ ಅವನ ಮನೆ ಮುಟ್ಟಿದೆವು. ಹಳೆಯ ವಾಡೆ, ಕತ್ತಲೆಯ ಕಟ್ಟಿಗೆ ಮೆಟ್ಟಿಲು, ಮೇಲೆ ಎರಡು ಕೋಣೆ. ಅವನ ತಾಯಿ ಗೋದಾಬಾಯಿ ಅಡಿಗೆಮನೆಯ ಬಾಗಿಲಲ್ಲಿ ಮಗನ ತಾಟು ಇಟ್ಟು ಕಾಯುತ್ತಿದ್ದರು. ಮಗಳು ಹೋದ ಮೇಲೆ ಅವರು ಇನ್ನಷ್ಟು ಸಣ್ಣಗಾಗಿದ್ದರು. ಬರ್ರಿ ಬಿಂದುರಾಯರ, ಅಂತ ನನಗೂ ಮಣೆ ಹಾಕಿದರು.

ಪ್ರಲ್ಹಾದ ನಿಂತೇ ಇದ್ದ.

"ಅವ್ವಾ, ನಾಳೆ ನಾ ಕೋರ್ಟಿಗೆ ಹೋಗಿ ಆ ಗಾಡೀದು ಎಲ್ಲಾ ಹೇಳ್ತೀನಿ."

ಎಲ್ಲಾ ಅಂದರೇನು ಅಂತ ಅವರು ಕೇಳಲಿಲ್ಲ. ತಾಟಿಗೆ ಉಪ್ಪು ಬಡಿಸಿದರು, ಚಟ್ನಿ ಬಡಿಸಿದರು. ಆಮೇಲೆ ನನ್ನ ಕಡೆ ನೋಡಿದರು.

"ಸುಮ್ಮನಿರು ಅಂತ ಕುಸುಮಾಗ ಹೇಳಿದಾಕಿ ನಾನ ರೀ ರಾಯರ. ಅಣ್ಣ ಹಿಂಗ ಮಾಡ್ಯಾನ ಅಂತ ಅಳಕೋತ ಬಂದಿತ್ತು ಕೂಸು. ಅತ್ತಿ ಮುಂದ ಅಣ್ಣನ್ನ ಕಳ್ಳನ್ನ ಮಾಡಬ್ಯಾಡವಾ, ಹಲಸಿಗೆ ಹೋಗಿ ಬಾ, ನರಸಿಂಹ ಕಾಯ್ತಾನ ಅಂತ ನಾನ ಕಳಿಸಿದೆ."

ಪ್ರಲ್ಹಾದನಿಗೆ ಇದು ಗೊತ್ತಿರಲಿಲ್ಲ. ಒಂದು ದಿನ ತಡಿ ಅಂದ ತಂಗಿ ಆ ದಿನ ಎಲ್ಲಿಗೆ ಹೋಗಿದ್ದಳು ಅನ್ನುವುದು ಅವನಿಗೆ ಈಗ ತಿಳಿಯಿತು. ನನಗೂ ತಿಳಿಯಿತು.

ಏನೂ ತಪ್ಪು ಮಾಡದ ಮನುಷ್ಯ ಒಳಗೆ ಕೂತಿದ್ದಾನೆ ತಾಯಿ, ನಿಮ್ಮ ಮಗಳು ಯಾರನ್ನು ಒಬ್ಬನೇ ಕಳಿಸಲಾರೆ ಅಂದಳೋ ಅವನೇ, ಅವನಿಗೂ ಹೆಂಡತಿ ಇದ್ದಾಳೆ ಅಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಗೊತ್ತದ. ಒಂದು ಕಣ್ಣು ಹೋಗೇದ, ಇನ್ನೊಂದು ಕೊಡ್ಲಿಕ್ಕೆ ನನ್ನ ಕಡಿಂದ ಆಗೂದಿಲ್ಲ. ಅದಕ್ಕ ನಿನ್ನೆ ಯೆರವಡಾಕ್ಕ ಹೋಗಿದ್ದೆ."

ಜೈಲಿಗೇ ಅಂತ ಕೇಳಿದೆ.

"ಹೌದ್ರಿ. ಹಣಮಂತ್ರಾಯನ ಮುಂದ ಕೈ ಮುಗದೆ. ಕುಸುಮಾಗ ಕೊಟ್ಟ ಮಾತು ನೆನಪದ ಏನಪಾ ಅಂದೆ. ಅವ ಅತ್ತುಬಿಟ್ಟ. ಅಕ್ಕಾರ ಮಾತು ಮೀರಂಗಿಲ್ಲವ್ವಾ, ಕೋರ್ಟಿನ್ಯಾಗ ತಪ್ಪೆಲ್ಲಾ ನಂದ ಅಂತೀನಿ ಅಂದ."

ನನಗೆ ಆ ಮುದುಕಿಯ ಕೆನ್ನೆಗೆ ಹೊಡೆಯಬೇಕೋ, ಕಾಲು ಹಿಡಿಯಬೇಕೋ ತಿಳಿಯಲಿಲ್ಲ. ನಾಳೆ ಹಣಮಂತ್ರಾಯ ತಾನೇ ಒಪ್ಪಿಕೊಂಡುಬಿಟ್ಟರೆ ಹಳದಿ ಬೊಟ್ಟು, ಕೆಂಪು ಅಂಟು ಯಾವುದನ್ನೂ ಯಾರೂ ಕೇಳುವುದಿಲ್ಲ. ಅವನ ಬಾಯಿಗಿಂತ ಮೊದಲು ಕೋರ್ಟಿನಲ್ಲಿ ಪ್ರಲ್ಹಾದನ ಬಾಯಿ ತೆರೆಯಬೇಕು. ಅದೊಂದೇ ದಾರಿ ಉಳಿದಿತ್ತು.

ನಾನು ಅವನ ಕಡೆ ತಿರುಗಿದೆ.

"ಪ್ರಲ್ಹಾದ, ನಾಳೆ ಬರ್ತೀಯಲ್ಲೋ?"

ಅವನು ತಾಯಿಯ ಕಡೆ ನೋಡಿದ. ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದು ತಾಟಿನ ಮುಂದೆ ಕೂತ. ಗೋದಾಬಾಯಿ ಅನ್ನ ಬಡಿಸಿದರು, ಅವನು ತಲೆ ತಗ್ಗಿಸಿ ಉಣ್ಣತೊಡಗಿದ.